ಪೇಟೆಯ ಗಲ್ಲಿಯಲ್ಲಿ ರಾತ್ರಿ ನಿರ್ಭಯವಾಗಿ ನಡೆಯುವಂತಾಗಲು: ಬೆಳಗಾವಿಯ ನಿವಾಸಿಗಳಿಗೂ ವ್ಯಾಪಾರಿಗಳಿಗೂ ಒಂದು ಮಾರ್ಗದರ್ಶಿ

ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಕಾಕತಿವೇಸ್ ಸುತ್ತಮುತ್ತ ಅಂಗಡಿ ನಡೆಸುವವರೂ ಆ ಅಂಗಡಿಗಳ ಮಾಳಿಗೆಯಲ್ಲಿ ಸಂಸಾರ ಹೂಡಿರುವವರೂ ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಶಟರ್ ಇಳಿದ ಮೇಲೆ ಕಟ್ಟೆಯ ಮೇಲೆ ಕುಡಿಯುತ್ತ ಕೂರುವವರು, ಟ್ಯೂಷನ್ ಮುಗಿಸಿ ಬರುವ ಹುಡುಗಿಯರನ್ನು ಚುಡಾಯಿಸುವವರು, ಸಂದಿಯಲ್ಲಿ ಮೂತ್ರ ಮಾಡುವವರು, ದಾರಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿ ಹರಟುವವರು, ಇವರ ಬಗ್ಗೆ ಯಾರಿಗೆ ಹೇಳಬೇಕು, ಹೇಳಿದರೆ ಏನಾದರೂ ಆಗುತ್ತದೆಯೇ ಎಂಬುದು ಆ ಪ್ರಶ್ನೆ. ಹೇಳುವ ಮೊದಲು ಬರೆದಿಡಿ ಎಂಬುದು ನನ್ನ ಉತ್ತರ. ಗಲ್ಲಿಯ ಉಪದ್ರವ ಇಡೀ ಗಲ್ಲಿಯಲ್ಲಿ ಇಡೀ ದಿನ ಇರುವುದಿಲ್ಲ. ಅದಕ್ಕೊಂದು ಜಾಗ, ಒಂದು ಹೊತ್ತು ಇರುತ್ತದೆ. ಆ ಎರಡನ್ನೂ ತೋರಿಸಬಲ್ಲವರ ಅರ್ಜಿಗೆ ಕಚೇರಿಯಲ್ಲಿ ಒಂದು ಬೆಲೆ, ತೋರಿಸಲಾಗದವರ ಅರ್ಜಿಗೆ ಇನ್ನೊಂದು ಬೆಲೆ.

ಮೊದಲು ಬೇಕಾಗುವುದು

ಇನ್ನೂರು ಪುಟದ ಒಂದು ನೋಟ್‌ಬುಕ್, ಕ್ಯಾಮೆರಾ ಇರುವ ಒಂದು ಮೊಬೈಲ್, ಕೈಯಲ್ಲಿ ಬಿಡಿಸಿದ ಗಲ್ಲಿಯ ನಕ್ಷೆ ಮತ್ತು ನಾಲ್ಕೈದು ಜನ ಇದ್ದರೆ ಸಾಕು. ಆ ನಾಲ್ಕೈದು ಜನರಲ್ಲಿ ಅಂಗಡಿಯವರೊಬ್ಬರು, ಮಾಳಿಗೆಯ ಮನೆಯವರೊಬ್ಬರು, ಗಾಡಿ ಹಚ್ಚುವ ಬೀದಿ ವ್ಯಾಪಾರಿಯೊಬ್ಬರು ಇರಬೇಕು. ರಾತ್ರಿ ಕೆಲಸ ಮುಗಿಸಿ ಆ ದಾರಿಯಲ್ಲೇ ಮನೆಗೆ ಹೋಗುವ ಮಹಿಳೆಯೊಬ್ಬರಂತೂ ಇರಲೇಬೇಕು. ನಮ್ಮ ಗಲ್ಲಿಗಳಲ್ಲಿ ಪಂಚ ಕಮಿಟಿಗಳೂ ಗಣೇಶೋತ್ಸವ ಮಂಡಳಗಳೂ ಇರುವುದರಿಂದ ಹೊಸ ಸಂಘ ಕಟ್ಟುವ ಶ್ರಮ ಬೇಡ. ಆದರೆ ಪಂಚರ ಕಮಿಟಿಯಲ್ಲಿ ಸಾಮಾನ್ಯವಾಗಿ ಗಂಡಸರೇ ತುಂಬಿರುತ್ತಾರೆ ಎಂಬುದನ್ನು ನೆನಪಿಡಿ. ಯಾವ ತಿರುವಿನಲ್ಲಿ ಕಾಲು ತಾನಾಗಿಯೇ ಬೇಗ ಬೇಗ ಬೀಳುತ್ತದೆ ಎಂದು ಹೆಣ್ಣುಮಕ್ಕಳನ್ನು ಕೇಳಿದರೆ, ಅರ್ಧ ನಕ್ಷೆ ಅಲ್ಲಿಯೇ ತಯಾರಾಗುತ್ತದೆ.

ಹಂತ 1: ಮೂರು ವಾರ ಬರೆದಿಡಿ

ಪ್ರತಿ ಘಟನೆಗೂ ದಿನಾಂಕ, ಸಮಯ, ಜಾಗ, ಏನಾಯಿತು, ಯಾರಿಗೆ ತೊಂದರೆಯಾಯಿತು, ಯಾರಿಗೆ ತಿಳಿಸಲಾಯಿತು ಎಂಬ ಆರು ಕಾಲಂಗಳಿರಲಿ. ಜಾಗವನ್ನು ಬರೆಯುವಾಗ ‘ದೇವಸ್ಥಾನದ ಹತ್ತಿರ’ ಎಂದು ಬರೆದರೆ ಉಪಯೋಗವಿಲ್ಲ. ಬೀದಿದೀಪದ ಕಂಬಕ್ಕೆ ಬಣ್ಣದಲ್ಲಿ ಬರೆದ ಸಂಖ್ಯೆ ಇದ್ದರೆ ಅದನ್ನೇ ಬರೆಯಿರಿ, ಇಲ್ಲವಾದರೆ ಅಂಗಡಿಯ ಹೆಸರು ಮತ್ತು ಅದು ಎಡಕ್ಕೋ ಬಲಕ್ಕೋ ಎಂಬುದನ್ನು ಸೇರಿಸಿ. ಒಂದು ದಾಖಲೆ ಹೀಗಿರಬಹುದು: ‘ಮಂಗಳವಾರ, ರಾತ್ರಿ 9.40. ಮುಚ್ಚಿದ ಬಟ್ಟೆ ಅಂಗಡಿಯ ಕಟ್ಟೆ, ಮೂರನೆಯ ಕಂಬ, ದೀಪ ಉರಿಯುತ್ತಿಲ್ಲ. ಐವರು ಕುಡಿಯುತ್ತ ಕುಳಿತಿದ್ದರು, ಎರಡು ಬಾಟಲಿ ಒಡೆದಿದ್ದವು. ಟ್ಯೂಷನ್‌ನಿಂದ ಬರುತ್ತಿದ್ದ ಇಬ್ಬರು ಹುಡುಗಿಯರು ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿದರು. 9.48ಕ್ಕೆ 112ಕ್ಕೆ ಕರೆ.’ ಇಷ್ಟು ಬರೆಯಲು ಎರಡು ನಿಮಿಷ ಸಾಕು.

ಇಲ್ಲಿ ಜನ ಹೆಚ್ಚಾಗಿ ಎಡವುವುದು ಎರಡು ಕಡೆ. ಮೊದಲನೆಯದು ‘ಯಾವಾಗಲೂ’, ‘ದಿನಾಲೂ’, ‘ಇಡೀ ರಾತ್ರಿ’ ಎಂಬ ಮಾತುಗಳು. ಅಧಿಕಾರಿಯೊಬ್ಬರು ಒಂದು ರಾತ್ರಿ ಬಂದು ಏನೂ ಕಾಣದೆ ಹಿಂದಿರುಗಿದರೆ ನಿಮ್ಮ ಇಡೀ ಅರ್ಜಿ ಸುಳ್ಳಾಗುತ್ತದೆ. ಎರಡನೆಯದು, ಕಂಡವರ ಮುಖದ ಫೋಟೊ ತೆಗೆದು ವಾಟ್ಸ್‌ಆಪ್ ಗುಂಪಿಗೆ ಹಾಕುವುದು. ಇದು ಜಗಳಕ್ಕೆ ದಾರಿ. ಆ ಫೋಟೊದಲ್ಲಿ ಮಕ್ಕಳೋ ತೊಂದರೆಗೊಳಗಾದ ಹೆಣ್ಣುಮಗಳೋ ಇದ್ದರೆ ಕಾನೂನಿನ ತೊಡಕೂ ನಿಮ್ಮ ಕೊರಳಿಗೇ ಬೀಳುತ್ತದೆ. ಫೋಟೊ ಬೇಕಾಗಿರುವುದು ಜಾಗದ್ದು: ಉರಿಯದ ದೀಪ, ಒಡೆದ ಬಾಟಲಿ, ಕಸದ ರಾಶಿ. ವ್ಯಕ್ತಿಯ ಹೆಸರು, ಜಾತಿ, ಮತ, ಭಾಷೆ ನೋಟ್‌ಬುಕ್ಕಿನಲ್ಲಿ ಬರಲೇಬಾರದು. ಬೆಳಗಾವಿಯಂಥ ಊರಿನಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಹಂತ 2: ಅಪರಾಧ ಯಾವುದು, ಉಪದ್ರವ ಯಾವುದು, ಬರೀ ಅಸಮಾಧಾನ ಯಾವುದು

ಮೂರು ವಾರಗಳ ನಂತರ ದಾಖಲೆಗಳನ್ನು ಮೂರು ಗುಂಪು ಮಾಡಿ. ಹುಡುಗಿಯನ್ನು ಹಿಂಬಾಲಿಸುವುದು, ಅಶ್ಲೀಲ ಮಾತು ಅಥವಾ ಸನ್ನೆ ಮಾಡುವುದು, ಹೊಡೆದಾಟ, ಬೆದರಿಕೆ, ಕಳವು ಇವೆಲ್ಲ ಅಪರಾಧಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಂ ಹಿಂಬಾಲಿಸುವುದಕ್ಕೂ 79ನೆಯ ಕಲಂ ಮಹಿಳೆಯ ಗೌರವಕ್ಕೆ ಕುಂದು ತರುವ ಮಾತು, ಸನ್ನೆಗಳಿಗೂ ಅನ್ವಯಿಸುತ್ತವೆ. ಎರಡನೆಯದಕ್ಕೆ 3 ವರ್ಷಗಳವರೆಗೆ ಸಾದಾ ಸೆರೆವಾಸ ಮತ್ತು ದಂಡ ಇದೆ. ‘ಚುಡಾಯಿಸಿದ ಅಷ್ಟೇ’ ಎಂದು ಪಂಚರು ರಾಜಿ ಮಾಡಿಸಿ ಕಳಿಸುವ ವಿಷಯ ಇದಲ್ಲ.

ಎರಡನೆಯ ಗುಂಪು ಸಾರ್ವಜನಿಕ ಉಪದ್ರವ, ಅಂದರೆ ಒಬ್ಬರಿಗೆ ಮಾತ್ರವಲ್ಲದೆ ಆ ಜಾಗವನ್ನು ಬಳಸುವ ಎಲ್ಲರಿಗೂ ತೊಂದರೆ ಕೊಡುವ ನಡತೆ. ಕುಡಿದ ಅಮಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಜನರಿಗೆ ಕಿರುಕುಳವಾಗುವಂತೆ ವರ್ತಿಸಿದರೆ ಅದೇ ಸಂಹಿತೆಯ 355ನೆಯ ಕಲಂ ಪ್ರಕಾರ 24 ಗಂಟೆಗಳವರೆಗೆ ಸಾದಾ ಸೆರೆವಾಸ, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ ವಿಧಿಸಬಹುದು. ಸಾರ್ವಜನಿಕ ದಾರಿಗೆ ಅಡ್ಡಿಯುಂಟುಮಾಡಿದರೆ 285ನೆಯ ಕಲಂ ಪ್ರಕಾರ 5000 ರೂಪಾಯಿವರೆಗೆ ದಂಡವಿದೆ. ಬೀದಿಯಲ್ಲಿ ನಡೆಯುವ ಸಣ್ಣಪುಟ್ಟ ಉಪದ್ರವಗಳಿಗೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 92ನೆಯ ಕಲಂ ಇದೆ.

ಮೂರನೆಯ ಗುಂಪಿನ ಬಗ್ಗೆ ಮಾತ್ರ ಪ್ರಾಮಾಣಿಕರಾಗಿರಬೇಕು. ಹಮಾಲರು ಮಧ್ಯಾಹ್ನ ಕಟ್ಟೆಯ ಮೇಲೆ ಒರಗಿ ಮಲಗುವುದು, ಕಾಲೇಜು ಹುಡುಗರು ಚಹಾದ ಅಂಗಡಿಯ ಮುಂದೆ ನಿಂತು ಜೋರಾಗಿ ನಗುವುದು, ಹೊರಗಿನವರು ಬಂದು ಆಟಿಕೆ ಮಾರುವುದು ನಿಮಗೆ ಇಷ್ಟವಾಗದಿರಬಹುದು. ಆದರೆ ಅದು ತಪ್ಪಲ್ಲ. ಈ ಗುಂಪಿನ ದಾಖಲೆಗಳನ್ನು ಅರ್ಜಿಯಲ್ಲಿ ಸೇರಿಸಿದರೆ ಮೊದಲೆರಡು ಗುಂಪುಗಳ ತೂಕವೂ ಕಡಿಮೆಯಾಗುತ್ತದೆ.

ಹಂತ 3: ಕತ್ತಲಾದ ಮೇಲೆ ಗಲ್ಲಿ ಸುತ್ತಿ

ಇದೇ ಅತಿ ಮುಖ್ಯವಾದ ಹಂತ ಎಂದು ನನ್ನ ಅಭಿಪ್ರಾಯ. ನಾಲ್ಕೈದು ಜನ ಕೂಡಿ ನಕ್ಷೆ ಹಿಡಿದು ಸಂಜೆ ಏಳಕ್ಕೊಮ್ಮೆ, ಶಟರ್ ಇಳಿದ ನಂತರ ಒಮ್ಮೆ, ಒಟ್ಟು ಎರಡು ಬಾರಿ ಅದೇ ದಾರಿಯಲ್ಲಿ ನಡೆಯಿರಿ. ಅಂಗಡಿಗಳ ದೀಪ ಇರುವವರೆಗೆ ಬೆಳಕು ಎಷ್ಟಿತ್ತು, ಅವು ಆರಿದ ಮೇಲೆ ಉಳಿಯುವ ಬೆಳಕು ಎಷ್ಟು ಎಂಬ ವ್ಯತ್ಯಾಸ ಆಗ ಕಣ್ಣಿಗೆ ಬೀಳುತ್ತದೆ. ಪೇಟೆಯ ಗಲ್ಲಿಗಳು ಬಹುಮಟ್ಟಿಗೆ ಅಂಗಡಿಯ ಬೆಳಕಿನಲ್ಲೇ ಬದುಕುತ್ತವೆ. ಬೀದಿದೀಪ ಕೆಟ್ಟು ತಿಂಗಳಾದರೂ ಹಗಲಿನ ಗಿರಾಕಿಗಳಿಗೆ ಅದು ಗೊತ್ತೇ ಆಗುವುದಿಲ್ಲ.

ಪರೀಕ್ಷೆ ಸರಳವಾಗಿದೆ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಮುಖ ಗುರುತಾಗುತ್ತದೆಯೇ ನೋಡಿ. ಗುರುತಾಗದಿದ್ದರೆ ನಕ್ಷೆಯಲ್ಲಿ ಆ ಜಾಗಕ್ಕೆ ಗುರುತು ಹಾಕಿ, ಕಾರಣ ಹುಡುಕಿ. ದೀಪ ಇಲ್ಲವೇ, ಇದ್ದೂ ಉರಿಯುತ್ತಿಲ್ಲವೇ, ಉರಿದೂ ಬೆಳಕು ನೆಲಕ್ಕೆ ಬೀಳುತ್ತಿಲ್ಲವೇ ಎಂಬ ಮೂರೂ ಬೇರೆ ಬೇರೆ ದೂರುಗಳು. ನಮ್ಮ ಸುತ್ತಾಟದಲ್ಲಿ ಸಿಕ್ಕ ಅತ್ಯಂತ ಕತ್ತಲೆಯ ಮೂಲೆಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಅದಕ್ಕೆ ಅಡ್ಡವಾಗಿ ತೂಗುತ್ತಿತ್ತು, ಹುಟ್ಟುಹಬ್ಬ ಮುಗಿದು ಮಳೆಗಾಲವೂ ಅರ್ಧ ಕಳೆದಿತ್ತು. ಇಂಥ ಫ್ಲೆಕ್ಸನ್ನು ನೀವೇ ಹರಿದು ತೆಗೆಯಲು ಹೋಗಬೇಡಿ, ಅದರಲ್ಲಿರುವ ಭಾವಚಿತ್ರದ ಅಭಿಮಾನಿಗಳು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ತೆರೆದ ಸ್ಥಳಗಳ ವಿರೂಪ ತಡೆಗೆ ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ. ಅದನ್ನು ಉಲ್ಲೇಖಿಸಿ ಪಾಲಿಕೆಗೆ ಬರೆಯಿರಿ.

ಬೀದಿದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು. ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್, ಪೂರೈಕೆಯ ದೋಷ ಹೆಸ್ಕಾಂನದು, ಅದರ ಸಹಾಯವಾಣಿ 1912. ಈ ಎರಡರ ನಡುವೆ ಅರ್ಜಿ ಚೆಂಡಿನಂತೆ ಓಡಾಡುವುದು ಸಾಮಾನ್ಯ. ಒಂದೇ ಕಂಬದ ದೀಪ ಆರಿದ್ದರೆ ಮೊದಲು ಪಾಲಿಕೆಗೆ, ಸಾಲು ಕಂಬಗಳ ದೀಪಗಳ ಜೊತೆಗೆ ಮನೆಗಳ ಕರೆಂಟೂ ಹೋಗುತ್ತಿದ್ದರೆ ಹೆಸ್ಕಾಂಗೆ ತಿಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆಯಲ್ಲಿ ಸಂಪರ್ಕ ಪದೇ ಪದೇ ಕೆಡುವುದರಿಂದ ದೀಪದ ಸುತ್ತಾಟವನ್ನು ಮೇ ತಿಂಗಳಲ್ಲಿ ಮಾಡುವುದು ಒಳ್ಳೆಯದು. ಒದ್ದೆ ಕಂಬವನ್ನು ಮುಟ್ಟಿ ಸಂಖ್ಯೆ ಓದುವ ಸಾಹಸ ಮಾತ್ರ ಬೇಡ.

ಬೆಳಕು ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿ ಅಂಗಡಿಯ ಮುಂದೆ ಕಣ್ಣು ಕುಕ್ಕುವ ಫೋಕಸ್ ಲೈಟ್ ಹಾಕಿಸುವವರಿದ್ದಾರೆ. ಅದರ ಪಕ್ಕದ ಸಂದಿ ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ, ನಡೆಯುವವರಿಗೆ ಎದುರಿನವರ ಮುಖವೂ ತಿಳಿಯುವುದಿಲ್ಲ. ಶಟರ್ ಮೇಲೆ ಕೆಳಮುಖವಾಗಿ ಒಂದು ಸಣ್ಣ ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಯಲು ಬಿಟ್ಟರೆ ಹೆಚ್ಚು ಪ್ರಯೋಜನ. 9 ವ್ಯಾಟಿನ ಬಲ್ಬನ್ನು ದಿನಕ್ಕೆ 10 ಗಂಟೆಯಂತೆ ಒಂದು ತಿಂಗಳು ಉರಿಸಿದರೆ ಮೂರು ಯೂನಿಟ್ ಕೂಡ ಆಗುವುದಿಲ್ಲ ಎಂದು ಅಂಗಡಿಯವರಿಗೆ ಲೆಕ್ಕ ಹಾಕಿ ತೋರಿಸಿ. ನಮ್ಮ ಪೇಟೆಯವರಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ತಲುಪುತ್ತದೆ.

ಹಂತ 4: ಮೂತ್ರದ ಮೂಲೆ, ಕಸದ ಮೂಲೆ

ಗೋಡೆಗೆ ದೇವರ ಚಿತ್ರದ ಟೈಲ್ಸ್ ಹಚ್ಚುವುದು ಎಲ್ಲರೂ ಮಾಡಿ ನೋಡುವ ಉಪಾಯ. ಟೈಲ್ಸ್ ಇರುವಲ್ಲಿ ನಿಲ್ಲುವವನು ಐದು ಹೆಜ್ಜೆ ಆಚೆ ಹೋಗಿ ನಿಲ್ಲುತ್ತಾನೆ, ದೇವರಿಗೂ ವಾಸನೆ ತಪ್ಪುವುದಿಲ್ಲ. ಹತ್ತಿರದ ಸಾರ್ವಜನಿಕ ಶೌಚಾಲಯ ಎಷ್ಟು ದೂರದಲ್ಲಿದೆ, ಎಷ್ಟು ಗಂಟೆಗೆ ಬೀಗ ಬೀಳುತ್ತದೆ, ಮಹಿಳೆಯರಿಗೆ ಪ್ರತ್ಯೇಕ ಬಾಗಿಲಿದೆಯೇ ಎಂಬುದನ್ನು ದಾಖಲಿಸಿ, ಪೇಟೆ ಮುಚ್ಚುವವರೆಗೂ ಅದು ತೆರೆದಿರುವಂತೆ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಅರ್ಜಿ ಕೊಡಿ. ಆರೋಗ್ಯ ನಿರೀಕ್ಷಕರೆಂದರೆ ಪೌರಕಾರ್ಮಿಕರ ಕೆಲಸ ಮತ್ತು ವಾರ್ಡಿನ ಸ್ವಚ್ಛತೆ ನೋಡಿಕೊಳ್ಳುವ ಪಾಲಿಕೆಯ ಅಧಿಕಾರಿ. ಅಂಗಡಿಯ ಕಸ ರಾತ್ರಿ ಹೊರಬಿದ್ದು ಗಾಡಿ ಬೆಳಿಗ್ಗೆ ಬರುವುದಾದರೆ ಆ ನಡುವಿನ ಹೊತ್ತೇ ರಾಶಿ ಬೆಳೆಯುವ ಹೊತ್ತು. ಗಾಡಿಯ ಸಮಯ ಬದಲಿಸಲು ಕೇಳಬಹುದು, ಅದಾಗದಿದ್ದರೆ ಅಂಗಡಿಯವರು ಕಸವನ್ನು ಒಳಗೇ ಇಟ್ಟುಕೊಳ್ಳುವಂತೆ ಒಪ್ಪಿಸಬೇಕು.

ಹಂತ 5: ಬೀದಿ ವ್ಯಾಪಾರಿಗಳು, ಮದ್ಯದಂಗಡಿ

ಗಲ್ಲಿ ಸುಧಾರಿಸಲು ಹೊರಟವರು ಮೊದಲು ಗಾಡಿಯವರನ್ನು ಎಬ್ಬಿಸಲು ನೋಡುತ್ತಾರೆ. ಇದು ದೊಡ್ಡ ತಪ್ಪು. ರಾತ್ರಿ ಹತ್ತರವರೆಗೆ ಮೂಲೆಯಲ್ಲಿ ಭಜಿ ಕರಿಯುತ್ತ ನಿಲ್ಲುವವರು ಆ ಮೂಲೆಗೆ ಬೆಳಕನ್ನೂ ಕೊಡುತ್ತಾರೆ, ನೋಡುವ ಎರಡು ಕಣ್ಣುಗಳನ್ನೂ ಕೊಡುತ್ತಾರೆ. ಅವರನ್ನು ಎಬ್ಬಿಸಿದ ಜಾಗದಲ್ಲಿ ಬಂದು ಕೂರುವವರು ಯಾರೆಂದು ಯೋಚಿಸಿ. ಬೀದಿ ವ್ಯಾಪಾರಿಗಳ ಕಾಯ್ದೆ, 2014ರ ಪ್ರಕಾರ ಅವರನ್ನು ಸ್ಥಳಾಂತರಿಸಲು ಅಥವಾ ತೆರವುಗೊಳಿಸಲು 30 ದಿನಗಳ ನೋಟಿಸ್ ಬೇಕು. ಯಾರು ಎಲ್ಲಿ ನಿಲ್ಲಬೇಕೆಂಬ ವಿಷಯದಲ್ಲಿ ಪಟ್ಟಣ ವ್ಯಾಪಾರ ಸಮಿತಿಯನ್ನು ಕೇಳಬೇಕಾಗುತ್ತದೆ. ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ನಿಮ್ಮ ಬೇಡಿಕೆ ‘ತೆಗೆಯಿರಿ’ ಎಂದಿರುವುದರ ಬದಲು ‘ಆಂಬುಲೆನ್ಸ್ ಹೋಗುವಷ್ಟು ಅಗಲ ಬಿಟ್ಟು ಗೆರೆ ಎಳೆಯಿರಿ’ ಎಂದಿರಲಿ. ಬೈಕು, ಕಾರುಗಳ ಮಾತೂ ಹೀಗೆಯೇ. ಬಾಪಟ್ ಗಲ್ಲಿಯ ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಲ್ಲಿಸಿ ಎಂದು ಗಿರಾಕಿಗೆ ಅಂಗಡಿಯವರೇ ಹೇಳಿದರೆ ಕೇಳುತ್ತಾರೆ. ಆದರೆ ಆ ಅಂಗಡಿಯವರ ಬೈಕೇ ಬೆಳಿಗ್ಗೆಯಿಂದ ಬಾಗಿಲ ಮುಂದೆ ನಿಂತಿದ್ದರೆ ಯಾರೂ ಕೇಳುವುದಿಲ್ಲ.

ಮದ್ಯದ ವಿಷಯದಲ್ಲಿ ಲೈಸೆನ್ಸಿನ ಬಗೆ ತಿಳಿದಿರಬೇಕು. ‘ಸಿಎಲ್-2’ ಎಂದರೆ ಚಿಲ್ಲರೆ ಮಾರಾಟದ ಅಂಗಡಿ. ಅಲ್ಲಿ ಬಾಟಲಿ ಕೊಂಡು ಹೋಗಬೇಕು, ಕುಡಿಯಲು ಕೂರಿಸುವಂತಿಲ್ಲ. ‘ಸಿಎಲ್-9’ ಎಂದರೆ ಬಾರ್ ಮತ್ತು ರೆಸ್ಟೋರೆಂಟ್. ನಿಮ್ಮ ಕಟ್ಟೆಯ ಮೇಲೆ ಕೂರುವವರು ಪಕ್ಕದ ಸಿಎಲ್-2 ಅಂಗಡಿಯಿಂದಲೇ ಬರುತ್ತಿದ್ದರೆ, ಅಂಗಡಿಯವರೇ ಗ್ಲಾಸು, ನೀರು ಕೊಟ್ಟು ಹೊರಗೆ ಕೂರಿಸುತ್ತಿದ್ದರೆ, ಅದು ಪೊಲೀಸರಿಗಷ್ಟೇ ಅಲ್ಲದೆ ಅಬಕಾರಿ ಇಲಾಖೆಗೂ ಸಲ್ಲುವ ದೂರು. ಲೈಸೆನ್ಸ್ ಕೊಟ್ಟ ಇಲಾಖೆಯ ಪತ್ರಕ್ಕೆ ಅಂಗಡಿಯವರು ಹೆಚ್ಚು ಬೆಲೆ ಕೊಡುತ್ತಾರೆ.

ಹಂತ 6: ಪೊಲೀಸರ ಬಳಿ ಹೋಗುವುದು

ಘಟನೆ ನಡೆಯುತ್ತಿರುವಾಗ 112, ನಡೆದ ಮೇಲೆ ಠಾಣೆ, ಮತ್ತೆ ಮತ್ತೆ ನಡೆಯುತ್ತಿದ್ದರೆ ಬೀಟ್ ಪೊಲೀಸರು ಎಂದು ನೆನಪಿಟ್ಟುಕೊಳ್ಳಿ. ಬೀಟ್ ಎಂದರೆ ಠಾಣೆಯ ವ್ಯಾಪ್ತಿಯಲ್ಲಿ ಒಬ್ಬ ಸಿಬ್ಬಂದಿಗೆ ಗಸ್ತಿಗಾಗಿ ವಹಿಸಿಕೊಟ್ಟ ಪ್ರದೇಶ. ನಿಮ್ಮ ಗಲ್ಲಿ ಖಡೇಬಜಾರ್ ಠಾಣೆಗೆ ಬರುತ್ತದೆಯೋ ಮಾರ್ಕೆಟ್ ಠಾಣೆಗೋ ಎಂಬುದನ್ನು ಮೊದಲೇ ವಿಚಾರಿಸಿ. ಒಂದೇ ರಸ್ತೆಯ ಎರಡು ಬದಿ ಎರಡು ಠಾಣೆಗೆ ಸೇರಿರುವುದೂ ಉಂಟು. ಬೀಟಿನವರಿಗೆ ನಿಮ್ಮ ನೋಟ್‌ಬುಕ್ ತೋರಿಸಿ, ಮಂಗಳವಾರ ಮತ್ತು ಶನಿವಾರ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಯ ನಡುವೆ ಈ ಕಟ್ಟೆಯ ಮುಂದೆ ಒಮ್ಮೆ ಹಾದು ಹೋದರೆ ಸಾಕು ಎಂದು ಕೇಳಿ. ಇಡೀ ರಾತ್ರಿ ಕಾವಲು ಬೇಕೆಂದು ಕೇಳಿದರೆ ಇಲ್ಲವೆನ್ನುವುದು ಅವರಿಗೆ ಸುಲಭ; ಒಂದು ಗಂಟೆ ಕೇಳಿದರೆ ಹಾಗೆನ್ನುವುದು ಕಷ್ಟ.

ಅರ್ಜಿಗೂ ಎಫ್‌ಐಆರ್‌ಗೂ ವ್ಯತ್ಯಾಸವಿದೆ. ಎಫ್‌ಐಆರ್ ಅಂದರೆ ಪ್ರಥಮ ವರ್ತಮಾನ ವರದಿ. ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದ ಗಂಭೀರ ಅಪರಾಧಗಳಿಗೆ ಅದು ದಾಖಲಾಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯದಾದರೂ ಮಾಹಿತಿ ಕೊಡಬಹುದು. ಇಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಕಳಿಸಿದರೆ 3 ದಿನಗಳೊಳಗೆ ಹೋಗಿ ಸಹಿ ಮಾಡಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎಫ್‌ಐಆರ್ ಆಗದ ಸಂಗತಿಗಳಿಗೆ ಹಿಂಬರಹ ಕೇಳಿ ಪಡೆಯಿರಿ. ಹಿಂಬರಹವೆಂದರೆ ನಿಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತೆಂದು ಠಾಣೆ ಬರೆದುಕೊಡುವ ಉತ್ತರ. ಸಿಬ್ಬಂದಿ ಬಾಯಿಮಾತಿನಲ್ಲಿ ‘ನೋಡ್ತೀವಿ ಹೋಗ್ರಿ’ ಎಂದದ್ದಕ್ಕೆ ದಾಖಲೆ ಇರುವುದಿಲ್ಲ.

ನಾನು ಮೊದಲ ಸಲ ಒಂದು ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ದೀಪ, ಕಸ, ಕುಡುಕರು, ಪಾರ್ಕಿಂಗ್, ನಾಯಿಗಳು ಎಲ್ಲವನ್ನೂ ತುಂಬಿದ್ದೆ. ‘ಸಂಬಂಧಪಟ್ಟವರಿಗೆ ರವಾನಿಸಿದೆ’ ಎಂಬ ಒಂದು ಸಾಲಿನೊಂದಿಗೆ ಅದು ಮುಗಿಯಿತು. ಒಂದು ಅರ್ಜಿಗೆ ಒಂದೇ ವಿಷಯ, ಒಂದೇ ಜಾಗ, ಒಂದೇ ಬೇಡಿಕೆ ಇರಲಿ. ಮೇಲ್ಗಡೆ ದಿನಾಂಕ, ಕೆಳಗೆ ಹತ್ತು ಜನರ ಸಹಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಇರಲಿ.

ಹಂತ 7: ಸಿಸಿಟಿವಿ

ಕ್ಯಾಮೆರಾ ಹಾಕಿಸುವುದಕ್ಕೆ ಎಲ್ಲರೂ ಉತ್ಸಾಹದಿಂದ ದುಡ್ಡು ಕೂಡಿಸುತ್ತಾರೆ, ಆರು ತಿಂಗಳ ನಂತರ ಅದರ ಲೆನ್ಸಿನ ಮೇಲೆ ಜೇಡ ಬಲೆ ಕಟ್ಟಿರುತ್ತದೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ, 2017ರ ಪ್ರಕಾರ ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕು. ಆದ್ದರಿಂದ ದೊಡ್ಡ ಅಂಗಡಿಗಳ ಕ್ಯಾಮೆರಾ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತಿಸಿಕೊಂಡ ನಂತರ ಉಳಿದ ಜಾಗಗಳಿಗೆ ಮಾತ್ರ ಹೊಸದನ್ನು ಯೋಚಿಸಿ. ಘಟನೆಯಾದರೆ ದೃಶ್ಯ ಅಳಿಸುವ ಮೊದಲೇ ಪೊಲೀಸರಿಗೆ ಲಿಖಿತವಾಗಿ ತಿಳಿಸಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಅದು ಯಾರ ಮನೆಯ ಕಿಟಕಿಯ ಕಡೆಗೂ ತಿರುಗಿರಬಾರದು.

ಹಂತ 8: ಎದುರಿಗೆ ನಿಂತು ಮಾತನಾಡುವುದು

ಕುಡಿದವರೊಡನೆ ಆ ಹೊತ್ತಿನಲ್ಲಿ ವಾದಕ್ಕಿಳಿಯಬೇಡಿ. ಮರುದಿನ ಸಂಜೆ, ಇಬ್ಬರಾಗಿ ಹೋಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ಅದು ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಸಮಾಧಾನದಿಂದ ಹೇಳಿ. ಕೇಳುವುದು ಸಣ್ಣದಾಗಿರಲಿ: ‘ತಮ್ಮಾ, ಒಂಬತ್ತರ ಮ್ಯಾಲೆ ಈ ಕಟ್ಟಿ ಬಿಟ್ಟುಕೊಡ್ರಿ, ಹೆಣ್ಣುಮಕ್ಕಳು ಹಾದು ಹೋಗತಾರ’ ಎಂಬ ಮಾತು ‘ನಿಮ್ಮಿಂದ ಗಲ್ಲಿ ಕೆಟ್ಟಿತು’ ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕೂರುವವರು ಗಲ್ಲಿಯ ಹುಡುಗರೇ ಆಗಿದ್ದರೆ ಮಂಡಳದ ಹಿರಿಯರಿಂದ ಹೇಳಿಸಿ.

ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರನ್ನು ಕುಡುಕರ ಸಾಲಿಗೆ ಸೇರಿಸಿ ಓಡಿಸುವುದು ಅನ್ಯಾಯ, ಕಾನೂನಿಗೂ ವಿರುದ್ಧ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೆಯ ಕಲಂ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸಾರ್ವಜನಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವ ಹೊಣೆಯನ್ನು ಠಾಣಾಧಿಕಾರಿಗೆ ವಹಿಸಿದೆ. ಒಂಟಿಯಾಗಿ ತಿರುಗುವ ಮಕ್ಕಳನ್ನು ಕಂಡರೆ 1098, ಮಹಿಳೆಯರ ನೆರವಿಗೆ 181.

ಗಣೇಶೋತ್ಸವದ ಹೊತ್ತಿನಲ್ಲಿ ಮೇಲಿನ ಲೆಕ್ಕವೆಲ್ಲ ಬೇರೆ. ಆಗ ಶಬ್ದದ ಮಿತಿ, ಮೆರವಣಿಗೆಯ ದಾರಿ, ಆಂಬುಲೆನ್ಸಿನ ದಾರಿ ಇವನ್ನು ಮಂಡಳ ಮತ್ತು ಪೊಲೀಸರ ಪೂರ್ವಸಭೆಯಲ್ಲೇ ಎತ್ತಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ. ಸರ್ಕಾರ ಕೆಲವು ದಿನಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದಾದ್ದರಿಂದ ಆ ವರ್ಷದ ಆದೇಶ ನೋಡಿಯೇ ದೂರು ಕೊಡಿ.

ಹಂತ 9: ಉತ್ತರ ಬರದಿದ್ದರೆ

ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡ್‌ಗಳಿವೆ. ನಿಮ್ಮ ವಾರ್ಡಿನ ಸದಸ್ಯರಿಗೆ ಎಲ್ಲ ಅರ್ಜಿಗಳ ಪ್ರತಿ ಮೊದಲೇ ತಲುಪಿರಲಿ. ಹದಿನೈದು ದಿನ ಕಾದು, ಸ್ವೀಕೃತಿಯ ದಿನಾಂಕ ಹೇಳಿ ಜ್ಞಾಪನ ಪತ್ರ ಕೊಡಿ. ನಂತರ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ. ಆಗಲೂ ಕದಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಇಂಥ ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದಗಳನ್ನು ಮೀರಬಾರದು. ಮೀರಿದ ಅರ್ಜಿಗಳು ಆ ಕಾರಣಕ್ಕೇ ವಾಪಸಾಗುತ್ತವೆ. ‘ದೀಪ ಏಕೆ ಹಾಕಿಲ್ಲ’ ಎಂದು ಕೇಳುವ ಬದಲು ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎಂದು ಕೇಳಿ.

ಮೂರು ತಿಂಗಳ ನಂತರ ಮತ್ತೆ ಮೂರು ವಾರ ಬರೆಯಿರಿ, ಅದೇ ದಾರಿಯಲ್ಲಿ ಮತ್ತೆ ಸುತ್ತಿ, ಹಳೆಯ ಪುಟಗಳ ಜೊತೆ ಹೋಲಿಸಿ. ನಿಮ್ಮ ಕಟ್ಟೆ ಖಾಲಿಯಾಗಿ ಪಕ್ಕದ ಗಲ್ಲಿಯ ಕಟ್ಟೆ ತುಂಬಿದ್ದರೆ ಆ ಗಲ್ಲಿಯ ಪಂಚರನ್ನು ಕರೆದು ಕೂರಿಸಿ, ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಪ್ರತಿಯನ್ನು ಅವರ ಕೈಗೆ ಕೊಡಿ.